ಮೊಮ್ಮಗಳ ವಿಮಾನಕ್ಕೆ ಮುತ್ಯಾನ ಬಜೆಟ್

ಮಸರಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ವಿಮಾನ ಹಾರುತ್ತದೆ. ಬಜೆಟ್ ಇದ್ದದ್ದು 40,000 ರೂಪಾಯಿ, ಖರ್ಚಾದದ್ದು 42,400. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಒಂಬತ್ತರವರೆಗೆ ಕೂರುತ್ತಿದ್ದವನು ನಾನು. ಈ 2,400ರ ಲೆಕ್ಕ ಒಪ್ಪಿಸಲೇಬೇಕು.

ಒಂಬತ್ತನೇ ತರಗತಿಯ ಮೊಮ್ಮಗಳಿಗೆ ಪೈಲಟ್ ಆಗುವ ಹುಚ್ಚು. 2023ರ ದಸರಾ ರಜೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಡುವ ಕಂಪ್ಯೂಟರ್ ಬೇಕೆಂದಳು. "ಇದು ಬರೇ ಆಟ ಅಲ್ಲ ಮುತ್ಯಾ, ಕಲಿಯೋದು" ಎಂದಳು. ನಾನು ನಂಬಲಿಲ್ಲ. ಆಮೇಲೆ ಓದಿ ನೋಡಿದರೆ ಅವಳ ಮಾತೇ ನಿಜ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ನೆಲದ ಮೇಲೆಯೇ ಪೈಲಟ್ ತರಬೇತಿ ಕೊಡುವ ಪೆಟ್ಟಿಗೆ ಮಾಡಿದ್ದ. ಅವನ ಅಪ್ಪನದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ಆರ್ಗನ್ನಿಗೆ ಗಾಳಿ ಊದುವ ತಿದಿಗಳಿಂದಲೇ ಆ ಪೆಟ್ಟಿಗೆಯನ್ನು ಓಲಾಡಿಸಿದ. ಮಕ್ಕಳೇ, ಭಜನೆಯ ಹಾರ್ಮೋನಿಯಂ ಹಿಂದಿನ ತಿದಿ ನೋಡಿದ್ದೀರಲ್ಲ, ಅದರ ದೊಡ್ಡಣ್ಣ! ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಪೈಲಟ್‌ಗಳು ಅದರಲ್ಲೇ ಕೂತು ಕಲಿತರು.

ಸರಿ ಎಂದು ಕಾಗದ, ಪೆನ್ನು ಹಿಡಿದು ಕೂತೆವು.

ಮೊದಲು ಪ್ರೊಸೆಸರ್. ಬ್ಯಾಂಕಿನಲ್ಲಿ ಆರು ಕೌಂಟರ್ ಇದ್ದರೂ ಎಲ್ಲ ವೋಚರಿಗೂ ಒಬ್ಬ ಅಧಿಕಾರಿಯ ಸಹಿ ಬೇಕೆಂದರೆ, ಅವರ ಕೈ ಚುರುಕಿದ್ದಷ್ಟೇ ಕೆಲಸ ಸಾಗುತ್ತದೆ. ವಿಮಾನದ ಆಟಗಳೂ ಹೆಚ್ಚಾಗಿ ಹಾಗೆಯೇ, ಒಂದು ಕೋರ್ ಮೇಲೆ ಬಹಳ ಭಾರ ಹಾಕುತ್ತವೆ. ಎಷ್ಟು ಕೋರ್ ಎನ್ನುವುದಕ್ಕಿಂತ ಒಂದೊಂದು ಎಷ್ಟು ವೇಗ ಎಂದು ಕೇಳಬೇಕು. ನಾವು ಆರಿಸಿದ್ದು ಆರು ಕೋರಿನ ರೈಜೆನ್ 5 5600ಜಿ, 11,500 ರೂಪಾಯಿ. ಇದರೊಳಗೇ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಈಗಲೇ ಬೇಡ. ಆದರೆ ಈ ಗ್ರಾಫಿಕ್ಸ್ ತನ್ನ ಕೆಲಸಕ್ಕೆ ರ‍್ಯಾಮಿನಿಂದಲೇ ಕಡ ಪಡೆಯುತ್ತದೆ. ಆದ್ದರಿಂದ 16 ಜಿಬಿಯ ಒಂದೇ ಪಟ್ಟಿ ಕೊಳ್ಳದೆ 8 ಜಿಬಿಯ ಎರಡು ಪಟ್ಟಿ ಕೊಂಡೆವು, 3,200. ಎರಡು ಕಿಟಕಿ ತೆರೆದರೆ ಸಾಲು ಬೇಗ ಕರಗುತ್ತದೆ.

ಮದರ್‌ಬೋರ್ಡ್ 5,500, 500 ಜಿಬಿ ಎಸ್‌ಎಸ್‌ಡಿ 2,500, ಮಾನಿಟರ್ 7,000, ಜಾಯ್‌ಸ್ಟಿಕ್ 3,300, ಕೀಬೋರ್ಡ್ ಮೌಸ್ 900. ಕ್ಯಾಬಿನೆಟ್ 2,500, ನಮ್ಮ ರಾಯಚೂರು ಕಡೆಯ ಬಿಸಿಲಿಗೆ ಮುಂಭಾಗ ಜಾಲರಿಯದೇ ಬೇಕು, ಗಾಜಿನ ಬೆಡಗು ಬೇಡ.

ಜಗಳ ಆದದ್ದು ಎಸ್‌ಎಂಪಿಎಸ್ ವಿಷಯಕ್ಕೆ. ಕರೆಂಟನ್ನು ಎಲ್ಲ ಭಾಗಗಳಿಗೂ ಹಂಚುವ ಡಬ್ಬಿ ಅದು. ನಾನು ಬರೆದದ್ದು 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಗುರುತಿನದು, 3,600.

"ಕ್ಯಾಬಿನೆಟ್ ಜೋಡಿ ಪುಕ್ಕಟ ಕೊಡ್ತಾರ ಮುತ್ಯಾ. ಆ ರೊಕ್ಕದಾಗ 32 ಜಿಬಿ ರ‍್ಯಾಮ್ ಬರ್ತದ."

ಅವಳಿಗೆ ಗೊತ್ತಿಲ್ಲದ ಒಂದು ಕಥೆ ಹೇಳಬೇಕಾಯಿತು. ಅವಳ ಅಪ್ಪ 2006ರಲ್ಲಿ ಕೊಂಡ ಕಂಪ್ಯೂಟರಿಗೂ ಹೀಗೇ ಪುಕ್ಕಟೆ ಡಬ್ಬಿ ಬಂದಿತ್ತು. ಒಂದು ಬೇಸಿಗೆಯ ಸಂಜೆ ವೋಲ್ಟೇಜ್ ಏರುಪೇರಾಗಿ ಡಬ್ಬಿ ಸುಟ್ಟಿತು. ತಾನು ಹೋಗುವಾಗ ಹಾರ್ಡ್‌ಡಿಸ್ಕನ್ನೂ ಕರೆದುಕೊಂಡು ಹೋಯಿತು. ಮಂತ್ರಾಲಯಕ್ಕೆ ಹೋದಾಗ ತೆಗೆದ ನನ್ನವಳ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಬುದ್ಧಿ ನಮಗೆ ಆಗ ಇರಲಿಲ್ಲ. ಈಗ ಗೋಡೆಯ ಮೇಲಿರುವುದು ಪಡಿತರ ಚೀಟಿಯದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವಳು ನಗುತ್ತಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ತಾನೇ 32ನ್ನು ಅಳಿಸಿ 16 ಬರೆದಳು. 550 ವ್ಯಾಟ್ ಇರುವುದರಿಂದ ಮುಂದೆ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಹಾಕಲೂ ಅಡ್ಡಿಯಿಲ್ಲ. ಆ ಸ್ಲಾಟ್ ಖಾಲಿ ಇದೆ.

ಕೂಡಿಸಿದರೆ ಸರಿಯಾಗಿ 40,000. ಮೇಲಿನ 2,400 ಯುಪಿಎಸ್ಸಿಗೆ. ಅದನ್ನು ನಾನು ಅವಳನ್ನು ಕೇಳದೆಯೇ ತಂದೆ.

ಆಟದ ವಿಷಯಕ್ಕೆ ಬಂದರೆ, ಮೈಕ್ರೋಸಾಫ್ಟಿನ 2020ರ ಫ್ಲೈಟ್ ಸಿಮ್ಯುಲೇಟರ್ ನೋಡಲು ಬಲು ಚೆಂದ. ಆದರೆ ಅದಕ್ಕೆ 150 ಜಿಬಿ ಜಾಗ ಬೇಕು, ನೆಲದ ಚಿತ್ರಗಳು ಇಂಟರ್ನೆಟ್ಟಿನಿಂದ ಹರಿದು ಬರುತ್ತಿರಬೇಕು. ಹಳ್ಳಿಯ ನೆಟ್‌ವರ್ಕಿಗೆ ಅದು ಆಗದ ಮಾತು. ಫ್ಲೈಟ್‌ಗಿಯರ್ ಪೂರ್ತಿ ಉಚಿತ. ನೆಲದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ನಮಗೆ ಅದೇ ಸಾಕು.

ಮೊದಲ ಭಾನುವಾರ ಅವಳು ಹೈದರಾಬಾದಿನ ಶಂಷಾಬಾದಿನಿಂದ ಪುಟ್ಟ ಸೆಸ್ನಾ 172 ಏರಿಸಿದಳು. ಮುಕ್ಕಾಲು ಗಂಟೆಯಲ್ಲಿ ಕೃಷ್ಣಾ ನದಿ ಕಂಡಿತು. ನದಿಗುಂಟ ಪಡುವಣಕ್ಕೆ ತಿರುಗಿದಳು. ನಮ್ಮ ಊರು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ, ಬರೀ ಬಯಲು. ಅಷ್ಟರಲ್ಲಿ ಫ್ಯಾನ್ ನಿಂತಿತು. ಯುಪಿಎಸ್ ಕುಯ್ಯೋ ಎಂದು ಕೂಗತೊಡಗಿತು. ಕೈಯಲ್ಲಿ ಇದ್ದದ್ದು ಹತ್ತು ನಿಮಿಷ.

ನಾನು ಉಸಿರು ಬಿಗಿಹಿಡಿದು ಕೂತೆ. ಅವಳು ಗಾಬರಿಯಾಗದೆ ಎಂಜಿನ್ ತಗ್ಗಿಸಿ, ನದಿ ದಂಡೆಯ ಒಂದು ಹೊಲದಲ್ಲಿ ಕುಲುಕಾಡಿಸುತ್ತ ಇಳಿಸಿಯೇ ಬಿಟ್ಟಳು.

"ಇದು ನಮ್ಮ ಹೊಲನೇ ಇರಬೇಕು ಮುತ್ಯಾ."

"ಹಂಗಾದ್ರ ಹತ್ತಿ ಬೆಳಿ ಹೋತಲ್ಲವ್ವಾ" ಎಂದೆ.