ಹೊಳಪು ಕೊಟ್ಟರೆ ಬೆಲೆ ಹೋಗುವ ಗಡಿಯಾರ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸುತ್ತಮುತ್ತ ವರ್ಷವಿಡೀ ಹರಿಯುವ ನದಿಯಿಲ್ಲ. ಸಮುದ್ರವಂತೂ ದೂರದ ಮಾತು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿರುವ ಸೀಮೆ ಅದು. ಆ ಸಾವಿರ ಅಡಿಯ ಆಳವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕೈಗಡಿಯಾರವನ್ನು ನೋಡೋಣ. ಅದರ ಡಯಲಿನ ಮೇಲೆ ‘300 ಮೀಟರ್’ ಎಂದು ಬರೆದಿದೆ. ಎಂದರೆ ಸುಮಾರು 984 ಅಡಿ. ಅಷ್ಟು ಆಳದ ನೀರಿನ ಒತ್ತಡವನ್ನೂ ತಡೆದುಕೊಳ್ಳುವಂತೆ ಆ ವಾಚನ್ನು ಮಾಡಲಾಗಿದೆ. ಹವ್ಯಾಸಕ್ಕಾಗಿ ಗಾಳಿಯ ಸಿಲಿಂಡರ್ ಹೊತ್ತು ಸಮುದ್ರಕ್ಕಿಳಿಯುವ ಮನುಷ್ಯನಿಗೆ 40 ಮೀಟರೇ ಮಿತಿ ಎನ್ನುತ್ತಾರೆ. ಹಾಗಿದ್ದೂ ಇಂಥ ‘ಡೈವ್ ವಾಚು’ಗಳಿಗೆ ಲಕ್ಷಗಟ್ಟಲೆ ಬೆಲೆ. ಇನ್ನೂ ವಿಚಿತ್ರವೆಂದರೆ, ಯಾರೋ ಕಟ್ಟಿ ಬಿಟ್ಟ ಹಳೆಯ ವಾಚಿಗೆ ಕೆಲವೊಮ್ಮೆ ಹೊಸದಕ್ಕಿಂತ ಹೆಚ್ಚು ಬೆಲೆ. ಇದೇಕೆ ಹೀಗೆ?

ಐವತ್ತು ಮಾರು

ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ನೀರೊಳಗೆ ಉಸಿರಾಡುವ ಸಾಧನವನ್ನು ರೂಪಿಸಿದರು. ಸಿಲಿಂಡರಿನಲ್ಲಿರುವ ಗಾಳಿ ಇಷ್ಟು ನಿಮಿಷಕ್ಕೆ ಮಾತ್ರ ಎಂಬ ಲೆಕ್ಕವಿದ್ದುದರಿಂದ ಮುಳುಗುಗಾರನಿಗೆ ಗಡಿಯಾರವೇ ಪ್ರಾಣದ ಕಾವಲು. ಈ ಅಗತ್ಯಕ್ಕೆ ಉತ್ತರವಾಗಿ 1953ರಲ್ಲಿ ಸ್ವಿಟ್ಜರ್‌ಲೆಂಡಿನ ಬ್ಲಾಂಕ್‌ಪಾಂ ಕಂಪನಿ ‘ಫಿಫ್ಟಿ ಫ್ಯಾದಮ್ಸ್’ ಎಂಬ ವಾಚನ್ನು ತಂದಿತು. ಫ್ರೆಂಚ್ ನೌಕಾಪಡೆಯ ಮುಳುಗುಗಾರರು ಅದನ್ನು ಕಟ್ಟಿದರು. ಫ್ಯಾದಮ್ ಎಂದರೆ ಆರು ಅಡಿ. ನಮ್ಮ ಹಳ್ಳಿಗರು ಬಾವಿಯ ಹಗ್ಗವನ್ನು ಎರಡೂ ಕೈ ಚಾಚಿ ಅಳೆಯುತ್ತಿದ್ದ ‘ಮಾರು’ ಹೆಚ್ಚುಕಡಿಮೆ ಅದೇ. ಆ ವಾಚಿನ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಐವತ್ತು ಮಾರು’ ಎಂದಾಗುತ್ತದೆ. ಅದೇ ವರ್ಷ ರೋಲೆಕ್ಸ್ ಕಂಪನಿಯ ‘ಸಬ್‌ಮರೀನರ್’ ಕೂಡ ಹುಟ್ಟಿತು. ಒಮೆಗಾ ‘ಸೀಮಾಸ್ಟರ್ 300’ ಬಂದದ್ದು 1957ರಲ್ಲಿ, ಜಪಾನಿನ ಸೀಕೋ ಮೊದಲ ಡೈವ್ ವಾಚು ಮಾಡಿದ್ದು 1965ರಲ್ಲಿ.

ಇವುಗಳ ರಚನೆಯಲ್ಲಿ ಮೂರು ಸಂಗತಿ ಮುಖ್ಯ. ಕೀ ಕೊಡುವ ತಿರುಪು ಮರೆಯಂತೆ ಬಿಗಿದುಕೊಳ್ಳುತ್ತದೆ, ಆದ್ದರಿಂದ ನೀರು ಒಳನುಗ್ಗದು. ಕತ್ತಲಲ್ಲೂ ಮುಳ್ಳುಗಳು ಕಾಣುವಂತೆ ಹೊಳೆಯುವ ಬಣ್ಣ ಹಚ್ಚಿರುತ್ತಾರೆ. ಗಾಜಿನ ಸುತ್ತ ತಿರುಗುವ ಬಳೆಯೊಂದಿರುತ್ತದೆ. ಅದಕ್ಕೆ ‘ಬೆಜೆಲ್’ ಎಂದು ಹೆಸರು. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ಕಳೆದ ಸಮಯ ತಾನಾಗಿ ತಿಳಿಯುತ್ತದೆ. ಇಂದಿನ ಡೈವ್ ವಾಚುಗಳಲ್ಲಿ ಈ ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ಕಲ್ಲಿಗೆ ತಗುಲಿ ಅಕಸ್ಮಾತ್ ಸರಿದರೂ ಸಮಯ ಹೆಚ್ಚು ಕಳೆದಂತೆ ತೋರುವುದೇ ಹೊರತು ಕಡಿಮೆಯಾಗಿ ತೋರದು. ತಪ್ಪಿದರೂ ಪ್ರಾಣ ಉಳಿಯುವ ಕಡೆಗೇ ತಪ್ಪಬೇಕು ಎಂಬ ಜಾಣ್ಮೆ ಇದು.

ಎಂಬತ್ತರ ದಶಕದಲ್ಲಿ ಮುಂಗೈಗೆ ಕಟ್ಟುವ ಡೈವ್ ಕಂಪ್ಯೂಟರುಗಳು ಬಂದವು. ಗಡಿಯಾರದ ಕಸುಬು ಅಲ್ಲಿಗೆ ಬಹುಪಾಲು ಮುಗಿಯಿತು. ಆದರೆ ಅಷ್ಟರಲ್ಲಿ ಅದು ಬೇರೊಂದು ಬದುಕನ್ನು ಪಡೆದಿತ್ತು. 1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಜೇಮ್ಸ್ ಬಾಂಡನ ಕೈಯಲ್ಲಿ ಸಬ್‌ಮರೀನರ್ ಮಿಂಚಿತು. ಉಪಕರಣವಾಗಿದ್ದದ್ದು ಅಂತಸ್ತಿನ ಗುರುತಾಯಿತು.

ಜನತಾ ಕಟ್ಟಿದ ನಾಡು

1953ರಲ್ಲೇ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಅದು ಕೈಗಡಿಯಾರ ತಯಾರಿಕೆ ಆರಂಭಿಸಿತು. ಜನತಾ, ಪೈಲಟ್, ಕಾಂಚನ, ಸೋನಾ ಎಂಬ ಹೆಸರುಗಳು ಮನೆಮಾತಾದವು. ಮದುವೆಯಲ್ಲಿ ಅಳಿಯನಿಗೆ ಮಾವ ಕೊಡುವ ವಾಚು ಎಂದರೆ ಎಚ್‌ಎಂಟಿ. ವಿದೇಶಿ ವಾಚುಗಳ ಆಮದಿಗೆ ಬಿಗಿ ಕಟ್ಟುಪಾಡುಗಳಿದ್ದ ಆ ಕಾಲದಲ್ಲಿ ‘ಫಾರಿನ್ ವಾಚು’ ಎಂದರೆ ಕಳ್ಳಸಾಗಣೆಯ ಸರಕು, ಇಲ್ಲವೇ ಪರದೇಶದಿಂದ ಬಂದ ನೆಂಟರ ಉಡುಗೊರೆ.

ಇದಕ್ಕಿಂತ ಹಿಂದಿನಿಂದಲೂ ಭಾರತಕ್ಕೆ ಪರಿಚಿತವಾಗಿದ್ದ ಸ್ವಿಸ್ ಹೆಸರೆಂದರೆ ಫಾವ್ರ್-ಲೂಬಾ. ಹತ್ತೊಂಬತ್ತನೆಯ ಶತಮಾನದಲ್ಲೇ ಮುಂಬಯಿಗೆ ಕಾಲಿಟ್ಟ ಈ ಕಂಪನಿಯ ‘ಸೀ ಕಿಂಗ್’, ‘ಸೀ ಚೀಫ್’ ವಾಚುಗಳು ನಮ್ಮ ಹಿರಿಯರ ಕೈಗಳಲ್ಲಿದ್ದವು. ಹೆಸರಿನಲ್ಲಿ ಸಮುದ್ರವಿದ್ದರೂ ಅವು ಡೈವ್ ವಾಚುಗಳಲ್ಲ. ನಿಜವಾದ ಡೈವ್ ವಾಚುಗಳೆಂದರೆ ಅದೇ ಕಂಪನಿ 1964ರಲ್ಲಿ ತಂದ ‘ಡೀಪ್ ಬ್ಲೂ’ ಮತ್ತು 1968ರಲ್ಲಿ ತಂದ, ಇಳಿದ ಆಳವನ್ನೂ ಮುಳ್ಳಿನಿಂದಲೇ ತೋರಿಸುತ್ತಿದ್ದ ‘ಬಾಥಿ’. ಬೆಂಗಳೂರಿನಿಂದ ವ್ಯವಹಾರ ನಡೆಸುವ ಟೈಟನ್ 2011ರಲ್ಲಿ ಈ ಹೆಸರನ್ನು ಕೊಂಡಿತು. 2023ರಲ್ಲಿ ಅದು ಎಥೋಸ್ ಬಳಗದ ಪಾಲಾಯಿತು. ವಾಚುಗಳಂತೆ ವಾಚಿನ ಕಂಪನಿಗಳೂ ಕೈ ಬದಲಿಸುತ್ತವೆ!

ಕತ್ತಲೆ ಹೇಳುವ ಸತ್ಯ

ಹಳೆಯ ಡೈವ್ ವಾಚಿನಲ್ಲಿ ಕೊಳ್ಳುವವರು ಹುಡುಕುವುದು ಅಂದವನ್ನಲ್ಲ, ಬದಲಾಗದೆ ಉಳಿದಿರುವಿಕೆಯನ್ನು. ಕಾರ್ಖಾನೆಯಿಂದ ಬಂದ ಡಯಲ್, ಮುಳ್ಳು, ಬಳೆ, ಕೇಸು ಎಲ್ಲವೂ ಅವೇ ಆಗಿರಬೇಕು. ಬಿಸಿಲಿಗೆ ಮಾಸಿದ ಕಪ್ಪು ಡಯಲ್ ಕಂದುಬಣ್ಣಕ್ಕೆ ತಿರುಗಿದ್ದರೆ ಅದು ದೋಷವಲ್ಲ, ಆಭರಣ.

ಇದನ್ನು ಪರೀಕ್ಷಿಸುವ ಒಂದು ಸುಲಭ ದಾರಿ ಕತ್ತಲೆ. ಹೊಳೆಯುವ ಬಣ್ಣಕ್ಕೆಲ್ಲ ನಮ್ಮಲ್ಲಿ ‘ರೇಡಿಯಂ’ ಎಂದೇ ಹೆಸರು. ಆದರೆ ಅಪಾಯಕಾರಿ ರೇಡಿಯಂ ಬಳಕೆ ಅರವತ್ತರ ದಶಕದಲ್ಲಿ ಹಿಂದೆ ಸರಿದು ಟ್ರಿಟಿಯಂ ಬಂದಿತು. ತೊಂಬತ್ತರ ದಶಕದಲ್ಲಿ ವಿಕಿರಣವಿಲ್ಲದ ಬಣ್ಣಗಳು ಅದರ ಜಾಗ ಹಿಡಿದವು. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕರಗುತ್ತದೆ. ಹೀಗಾಗಿ 1970ರ ವಾಚಿನಲ್ಲಿ ಈಗ ಉಳಿದಿರುವುದು ಹದಿನಾರನೇ ಒಂದು ಪಾಲಿಗೂ ಕಡಿಮೆ. ಅಂಥ ವಾಚು ದೀಪ ಆರಿಸಿದ ಕೋಣೆಯಲ್ಲಿ ಬಹಳ ಹೊತ್ತು ಪ್ರಖರವಾಗಿ ಬೆಳಗಿದರೆ ಸಂಭ್ರಮಿಸಬೇಕಿಲ್ಲ. ಯಾರೋ ಹೊಸ ಬಣ್ಣ ಹಚ್ಚಿದ್ದಾರೆ, ಇಲ್ಲವೇ ಡಯಲ್ ಬದಲಿಸಿದ್ದಾರೆ ಎಂದೇ ಅರ್ಥ.

ಇಲ್ಲಿಯೇ ನಮ್ಮ ನಾಡಿನ ರೂಢಿಗೂ ಈ ಮಾರುಕಟ್ಟೆಗೂ ತಾಳ ತಪ್ಪುವುದು. ನಮ್ಮಲ್ಲಿ ಒಳ್ಳೆಯ ರಿಪೇರಿ ಎಂದರೆ ಹಳೆಯದನ್ನು ಹೊಸದರಂತೆ ಮಾಡುವುದು. ಕೇಸಿಗೆ ಪಾಲಿಶ್, ಡಯಲಿಗೆ ಹೊಸ ಬಣ್ಣ, ಮಾಸಿದ ಮುಳ್ಳಿಗೆ ಬದಲಿ. ಗಿರಾಕಿಯೂ ಅದನ್ನೇ ಕೇಳುತ್ತಾನೆ, ರಿಪೇರಿಯವನೂ ಪ್ರಾಮಾಣಿಕವಾಗಿ ಅದನ್ನೇ ಮಾಡುತ್ತಾನೆ. ಆದರೆ ಪಾಲಿಶ್ ಚಕ್ರಕ್ಕೆ ಹಿಡಿದಾಗಲೆಲ್ಲ ಕೇಸಿನ ಚೂಪು ಅಂಚು ಸವೆದು ಉಕ್ಕು ಕಳೆದುಹೋಗುತ್ತದೆ. ಅದು ಮತ್ತೆ ಬಾರದು. ಸ್ವಿಸ್ ಕಂಪನಿಗಳ ಸರ್ವಿಸ್ ಕೇಂದ್ರಗಳೂ ಹಿಂದೆ ಮಾಸಿದ ಡಯಲ್ ತೆಗೆದು ಹೊಸದು ಕೂರಿಸಿ ಕೊಟ್ಟದ್ದುಂಟು. ಅಂದು ಉಪಕಾರವೆನಿಸಿದ್ದು ಇಂದು ನಷ್ಟ.

ಎಚ್‌ಎಂಟಿ ವಾಚುಗಳಲ್ಲೂ ಈ ಪಾಠ ಕಂಡಿದೆ. ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ನೀಡಿದ ಮೇಲೆ ಹಳೆಯ ಜನತಾ, ಪೈಲಟ್‌ಗಳಿಗೆ ಬೇಡಿಕೆ ಏರಿತು. ಅದರ ಹಿಂದೆಯೇ ಕೆಂಪು, ಹಸಿರು, ಹಳದಿ ಡಯಲಿನ, ಕಂಪನಿ ಎಂದೂ ಮಾಡದಿದ್ದ ವಾಚುಗಳು ಮಾರುಕಟ್ಟೆಗೆ ಬಂದವು. ಸಂಗ್ರಹಕಾರರು ಇವನ್ನು ‘ಬಾಂಬೆ ವಾಚು’ ಎನ್ನುತ್ತಾರೆ. ಒಳಗಿನ ಮಿಷನ್ ಅಸಲಿ, ಮುಖ ಮಾತ್ರ ಹೊಸ ಬಣ್ಣದ್ದು. ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ. ಅಸಲಿ ಎಂದು ಹೇಳಿ ಮಾರಿದರೆ ಮೋಸ. ಡೈವ್ ವಾಚಿನಲ್ಲಿ ಇದೇ ಮೋಸದ ಬೆಲೆ ಲಕ್ಷಗಳನ್ನು ಮುಟ್ಟುತ್ತದೆ. ನಾಲ್ಕು ಕೆಟ್ಟ ವಾಚುಗಳ ಭಾಗ ಸೇರಿಸಿ ಒಂದು ‘ಅಪರೂಪದ’ ವಾಚು ಮಾಡುವವರೂ ಇದ್ದಾರೆ.

ಕೊಳ್ಳುವ ಮುನ್ನ

ಆದ್ದರಿಂದಲೇ ಈ ವ್ಯಾಪಾರದಲ್ಲಿ ಕಾಗದಕ್ಕೆ ಬೆಲೆ. ಮೂಲ ರಸೀದಿ, ಗ್ಯಾರಂಟಿ ಪತ್ರ, ಡಬ್ಬಿ, ಸರ್ವಿಸ್ ಚೀಟಿ ಜೊತೆಗಿದ್ದರೆ ವಾಚಿನ ದರ ಏರುತ್ತದೆ. ಪತ್ರದ ಸಂಖ್ಯೆ ಕೇಸಿನ ಸಂಖ್ಯೆಗೆ ತಾಳೆಯಾಗಬೇಕು. ಹಿಂಬದಿ ಬಿಚ್ಚಿಸಿ ಮಿಷನ್ ನೋಡಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಎದ್ದು ಬರುವುದೇ ಲೇಸು. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದಕ್ಕೆ 2017ರಿಂದ ಆದಾಯ ತೆರಿಗೆ ಕಾಯ್ದೆಯ ತಡೆ ಇದೆ. ಬಿಲ್ಲಿಲ್ಲದ ‘ಕಡಿಮೆ ರೇಟು’ ಕೊನೆಗೆ ದುಬಾರಿಯಾಗುವುದೇ ಹೆಚ್ಚು.

ಮಾರುವವರಿಗೂ ಒಂದು ಮಾತು. ಅಂಗಡಿ ಕೊಡುವ ದರಕ್ಕೂ ಅಂಗಡಿಯಲ್ಲಿ ತಗುಲಿಸಿದ ದರಕ್ಕೂ ಅಂತರ ಇದ್ದೇ ಇರುತ್ತದೆ. ಪರೀಕ್ಷೆ, ಸರ್ವಿಸ್, ಖಾತರಿ ಎಲ್ಲವೂ ಆ ಅಂತರದಲ್ಲಿ ಅಡಗಿವೆ. ಹಳೆಯ ವಾಚಿನ ಮಾತು ಗಲ್ಲಿಯ ಅಂಗಡಿಗೆ ಸೀಮಿತವಾಗಿಲ್ಲ ಎಂಬುದಕ್ಕೆ ರೋಲೆಕ್ಸೇ 2022ರ ಡಿಸೆಂಬರಿನಲ್ಲಿ ಬಳಸಿದ ವಾಚುಗಳಿಗೆ ಪ್ರಮಾಣಪತ್ರ ನೀಡತೊಡಗಿದ್ದು ಸಾಕ್ಷಿ. ಅದೇ ವರ್ಷದ ಆರಂಭದಲ್ಲಿ ಗಗನಕ್ಕೇರಿದ್ದ ಬಳಸಿದ ವಾಚಿನ ದರಗಳು ನಂತರ ಇಳಿದವು ಎಂಬುದನ್ನೂ ಮರೆಯಬಾರದು. ವಾಚನ್ನು ಬ್ಯಾಂಕಿನ ಠೇವಣಿಯಂತೆ ನೋಡಿದವರು ಆಗ ಕೈಸುಟ್ಟುಕೊಂಡರು.

ಕೊನೆಯದಾಗಿ ನೀರಿನ ಮಾತು. ಡಯಲಿನ ಮೇಲೆ ಬರೆದ ಆಳ ಹೊಸ ವಾಚಿನದು. ಒಳಗಿನ ರಬ್ಬರ್ ಉಂಗುರಗಳು ಕಾಲಕ್ರಮೇಣ ಒಣಗಿ ಬಿರಿಯುತ್ತವೆ. ಒತ್ತಡದ ಪರೀಕ್ಷೆಯಾಗದ ಐವತ್ತು ವರ್ಷದ ಡೈವ್ ವಾಚನ್ನು ಬಕೆಟ್ಟಿನ ನೀರಿಗೂ ಇಳಿಸಬಾರದು.

ಇದೆಲ್ಲ ಸಿರಿವಂತರ ಹವ್ಯಾಸ ಎಂದು ತಳ್ಳಿಹಾಕಬೇಕಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ನಿಂತುಹೋದ ವಾಚು ಎಷ್ಟೋ ಮನೆಗಳಲ್ಲಿದೆ. ಅದು ಸಬ್‌ಮರೀನರ್ ಆಗಿರಬಹುದು, ಸೀ ಕಿಂಗ್ ಆಗಿರಬಹುದು, ಬರೀ ಜನತಾ ಆಗಿರಬಹುದು. ಅದನ್ನು ರಿಪೇರಿಗೆ ಕೊಡುವಾಗ ಒಂದೇ ಮಾತು ಹೇಳಿದರೆ ಸಾಕು: ‘ಮಿಷನ್ ಸರಿಮಾಡಿ ಕೊಡಿ ಸ್ವಾಮಿ, ಮುಖ ಮಾತ್ರ ಮುಟ್ಟಬೇಡಿ.’