ಒಂದೇ ಮನೆ, ಎರಡು ನೆಟ್‌ವರ್ಕ್

ದೇವನಹಳ್ಳಿಯ ನಮ್ಮ ಮನೇಲಿ ಕೆಳಗೆ ಅಪ್ಪನ ಹಳೇ ಡೆಸ್ಕ್‌ಟಾಪ್, ಮಹಡಿ ಮೇಲೆ ನನ್ನ ಲ್ಯಾಪ್‌ಟಾಪ್. ದಸರಾ ರಜೆಗೆ ಹೋದಾಗ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತಿತ್ತು. ಅದರೊಳಗೆ ಸುಮಾರು 60 ಜಿಬಿ ಫೋಟೋ, ವಿಡಿಯೋ. ಅಜ್ಜಿ ಮಾತಾಡಿರೋ ವಿಡಿಯೋಗಳು ಅದೊಂದರಲ್ಲೇ ಇದ್ದವು, ಅಜ್ಜಿ ಈಗಿಲ್ಲ. ಮನೇಲಿದ್ದ ಪೆನ್‌ಡ್ರೈವ್ 8 ಜಿಬಿ. ನೆಟ್‌ವರ್ಕಲ್ಲೇ ಕಾಪಿ ಮಾಡ್ತೀನಿ ಅಂದೆ.

ಲ್ಯಾಪ್‌ಟಾಪಲ್ಲಿ ‘ನೆಟ್‌ವರ್ಕ್’ ತೆರೆದ್ರೆ ಖಾಲಿ. ಕೆಳಗಿನದರಲ್ಲೂ ಖಾಲಿ. ಯೂಟ್ಯೂಬ್ ಮಾತ್ರ ಎರಡರಲ್ಲೂ ಚೆನ್ನಾಗಿ ಓಡ್ತಿತ್ತು. “ಏನಮ್ಮಾ, ಕಂಪ್ಯೂಟರ್ ಸೈನ್ಸ್ ಓದ್ತೀಯ, ಕೆಳಗಿನ ಫೋಟೋ ಮಹಡಿಗೆ ಬರಲ್ವಾ?” ಅಂದ್ರು ಅಪ್ಪ.

‘ಕಾಣಿಸ್ತಿಲ್ಲ’ ಅನ್ನೋದ್ರಲ್ಲಿ ಸಾಮಾನ್ಯವಾಗಿ ಎರಡು ತೊಂದರೆ ಬೆರೆತಿರುತ್ತೆ. ದಾರಿಯೇ ಇಲ್ಲದಿರೋದು ಒಂದು. ದಾರಿ ಇದ್ದೂ ಹೆಸರು ತಿಳಿಯದಿರೋದು ಇನ್ನೊಂದು. ಮೊದಲು ದಾರಿ ನೋಡಿ, ಹೆಸರು ಆಮೇಲೆ.

ಎರಡೂ ಕಡೆ ಕಮಾಂಡ್ ಪ್ರಾಂಪ್ಟಲ್ಲಿ ‘ಐಪಿಕಾನ್ಫಿಗ್’ ಕೊಟ್ಟೆ. ಡೆಸ್ಕ್‌ಟಾಪ್ 192.168.1.5, ಲ್ಯಾಪ್‌ಟಾಪ್ 192.168.0.104. ಪಿಂಗ್ ಮಾಡಿದ್ರೆ ಎರಡೂ ಕಡೆಯಿಂದ ಉತ್ತರ ಇಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೋಡಿದ್ರೆ ಎರಡರಲ್ಲೂ ನಮ್ಮನೆ ನೆಟ್‌ವರ್ಕ್ ‘ಪಬ್ಲಿಕ್’ ಅಂತಿದೆ. ಹಾಗಿದ್ರೆ ಫೈರ್‌ವಾಲ್ ನಮ್ಮನೇನ ಬಸ್ ಸ್ಟ್ಯಾಂಡ್ ವೈಫೈ ಥರ ನೋಡುತ್ತೆ, ಯಾರು ಕರೆದ್ರೂ ಮಾತಾಡಲ್ಲ. ‘ಪ್ರೈವೇಟ್’ ಮಾಡಿ, ಫೈಲ್ ಶೇರಿಂಗ್ ಆನ್ ಮಾಡಿದೆ.

ಈಗ ಬಂತು ನೋಡಿ ಮಜಾ. ಮೇಲಿಂದ ಕೆಳಗೆ ಪಿಂಗ್ ಹೋಗುತ್ತೆ, ಕೆಳಗಿಂದ ಮೇಲಕ್ಕೆ ಹೋಗಲ್ಲ!

ಅರ್ಧ ಗಂಟೆ ತಲೆ ಕೆರ್ಕೊಂಡ ಮೇಲೆ ವಿಳಾಸದಲ್ಲಿದ್ದ .1 ಮತ್ತು .0 ಕಣ್ಣಿಗೆ ಬಿತ್ತು. ಫೈಬರ್ ಕಂಪನಿಯವರು ಹಾಲ್‌ನಲ್ಲಿ ಹಾಕಿದ ಬಾಕ್ಸೇ ಒಂದು ರೂಟರ್. ಮಹಡಿಗೆ ಸಿಗ್ನಲ್ ಬರಲ್ಲ ಅಂತ ಹೋದ ವರ್ಷ ಇನ್ನೊಂದು ರೂಟರ್ ತಂದು, ಕೇಬಲನ್ನ ಅದರ ವ್ಯಾನ್ ಪೋರ್ಟಿಗೆ ಚುಚ್ಚಿದ್ದು ನಾನೇ. ಆ ರೂಟರ್ ತನ್ನ ಹಿಂದೆ ಬೇರೆ ನೆಟ್‌ವರ್ಕ್ ಕಟ್ಕೊಂಡು ನ್ಯಾಟ್ ಮಾಡ್ತಿತ್ತು. ಒಳಗಿಂದ ಹೊರಗೆ ಹೋದವರು ವಾಪಸ್ ಬರಬಹುದು, ಹೊರಗಿನವರು ತಾವಾಗಿ ಒಳಗೆ ಬರೋ ಹಾಗಿಲ್ಲ. ಗೇಟೆಡ್ ಲೇಔಟಿನ ಸೆಕ್ಯುರಿಟಿ ಲೆಕ್ಕ. ಒಬ್ಬರನ್ನೊಬ್ಬರು ಹುಡುಕೋ ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಸಂದೇಶಗಳೂ ಗೇಟ್ ದಾಟಲ್ಲ.

ಮೇಲಿಂದ ವಿಳಾಸ ಟೈಪ್ ಮಾಡಿಯೇ ಕೆಲಸ ಮುಗಿಸಬಹುದಿತ್ತು. ಆದ್ರೆ ನಾಳೆ ಅಪ್ಪನಿಗೆ ಕೆಳಗಿಂದ ನನ್ನ ಫೋಲ್ಡರ್ ಬೇಕಾದ್ರೆ? ಅದಕ್ಕೇ ಮಹಡಿ ರೂಟರ್‌ನ ಪೇಜ್ ತೆರೆದು ಅದರ ವಿಳಾಸ 192.168.1.2 ಮಾಡಿದೆ (ಆ ನಂಬರ್ ಬೇರೆ ಯಾರಿಗೂ ಹೋಗಿರಬಾರದು), ಡಿಎಚ್‌ಸಿಪಿ ಆಫ್ ಮಾಡಿದೆ, ಆಮೇಲೆ ಕೇಬಲನ್ನ ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿದೆ. ನಿಮ್ಮ ರೂಟರಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ರೆ ಇಷ್ಟು ಕಷ್ಟ ಬೇಡ. ಲ್ಯಾಪ್‌ಟಾಪಿಗೂ 192.168.1ರ ವಿಳಾಸ ಬಂತು, ಪಿಂಗ್ ಎರಡೂ ಕಡೆ ಓಡ್ತು.

(ಹಾಸ್ಟೆಲ್ ವೈಫೈನಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ. ಅಂಥ ಕಡೆ ಸಾಮಾನ್ಯವಾಗಿ ಬೇಕಂತಲೇ ಒಬ್ಬರಿಗೊಬ್ಬರು ಕಾಣದ ಹಾಗೆ ಐಸೋಲೇಷನ್ ಇಟ್ಟಿರ್ತಾರೆ.)

ಆದ್ರೂ ‘ನೆಟ್‌ವರ್ಕ್’ ಒಳಗೆ ಹೆಸರಿಲ್ಲ. ವಿಂಡೋಸ್‌ನಲ್ಲಿ ಕಂಪ್ಯೂಟರಿನ ಹೆಸರು ಸಾರೋದು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್’ ಅನ್ನೋ ಸರ್ವಿಸ್, ಡೆಸ್ಕ್‌ಟಾಪಲ್ಲಿ ಅದು ನಿಂತಿತ್ತು. ಆಟೋಮ್ಯಾಟಿಕ್ ಮಾಡಿದೆ, ಬಂತು. ಎಷ್ಟೋ ವಿಡಿಯೋಗಳಲ್ಲಿ ‘ಎಸ್‌ಎಂಬಿ 1 ಆನ್ ಮಾಡಿ’ ಅಂತಾರೆ, ದಯವಿಟ್ಟು ಮಾಡ್ಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಹರಡಿದ್ದು ಅದರಲ್ಲಿದ್ದ ತೂತಿನಿಂದಲೇ. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಅದು ತಾನಾಗಿ ಬರೋದೂ ನಿಂತಿದೆ.

ಹೆಸರು ಬಂತು, ಕ್ಲಿಕ್ ಮಾಡಿದ್ರೆ ಯೂಸರ್ ನೇಮ್, ಪಾಸ್‌ವರ್ಡ್ ಕೇಳ್ತು. ಅಪ್ಪನ ಅಕೌಂಟಿಗೆ ಪಾಸ್‌ವರ್ಡೇ ಇಲ್ಲ! ಖಾಲಿ ಪಾಸ್‌ವರ್ಡ್ ಇರೋ ಅಕೌಂಟನ್ನ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡಲ್ಲ. ಪಿನ್ ಕೂಡ ಇಲ್ಲಿ ನಡೆಯಲ್ಲ, ಅದು ಆ ಮೆಷಿನ್ ಮುಂದೆ ಕೂತವರಿಗೆ ಮಾತ್ರ. “ನನ್ನ ಮನೇಲಿ ನನಗೇ ಬೀಗವಾ” ಅಂತ ಗೊಣಗಿದ್ರೂ ಅಪ್ಪ ಒಂದು ಪಾಸ್‌ವರ್ಡ್ ಇಟ್ರು.

ಮಹಡಿ ಕೇಬಲ್ಲಿಗೇ ಲ್ಯಾಪ್‌ಟಾಪ್ ಸಿಕ್ಕಿಸಿದೆ. 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಹೆಚ್ಚೆಂದ್ರೆ 12.5 ಎಂಬಿ, 60 ಜಿಬಿಗೆ ಒಂದೂವರೆ ಗಂಟೆ ಲೆಕ್ಕ. ಡಿಸ್ಕ್ ಅಲ್ಲಲ್ಲಿ ನಿಂತು ನಿಂತು ನಾಲ್ಕು ಗಂಟೆ ತಗೊಂಡ್ತು. ಅಜ್ಜಿಯ ಫೋಲ್ಡರನ್ನ ಮೊದಲು ಹಾಕಿದ್ದೆ. ಕೊನೆಯ ಹನ್ನೊಂದು ಫೈಲು ಓದೋಕಾಗ್ಲಿಲ್ಲ, ಅವು ಯಾವುದೋ ಮದುವೆಯವು. ಅಪ್ಪ ಮಹಡಿಗೆ ಬಂದು ಒಂದು ವಿಡಿಯೋ ಹಾಕು ಅಂದ್ರು. ಅದರಲ್ಲಿ ಅಜ್ಜಿ ಚಕ್ಕೋತ ಸುಲೀತಾ ಯಾರನ್ನೋ ಬೈತಿದ್ರು.