ರಾಬರ್ಟ್‌ಸನ್‌ಪೇಟೆಯ ಉದ್ರಿ ಪುಸ್ತಕ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡು ಕಾಣುತ್ತದೆ. ನೋಡಲು ಬರೀ ನೀರು, ಬಾಯಿಗೆ ಇಟ್ಟ ಮೇಲೆ ಖಾರ. ಆ ಪಾನಿಪುರಿಗೆ ನಮ್ಮ ಕರಾವಳಿಯ ಮಕ್ಕಳೂ ಮನಸೋತಿದ್ದಾರೆ. ಒಂದು ಸಣ್ಣ ರೈಲ್ವೆ ಜಂಕ್ಷನ್ನಿನ ತಿಂಡಿ ರಾಜಧಾನಿಯಲ್ಲಿ ಹೆಸರು ಮಾಡಿದ್ದು ಸಂತೋಷದ ವಿಷಯವೇ. ಆದರೆ ಬಂಗಾರಪೇಟೆಯಿಂದ ಹದಿನಾರು ಕಿಲೋಮೀಟರ್ ಆಚೆ, ಅದೇ ಹಳಿ ಹೋಗಿ ಮುಗಿಯುವ ಕೆಜಿಎಫ್‌ನಲ್ಲಿ ಬಾಗಿಲು ಹಾಕಿದ ಟೀ ಅಂಗಡಿಗಳ, ಸಣ್ಣ ಹೋಟೆಲುಗಳ ಹೆಸರು ಯಾವ ಬೋರ್ಡಿನಲ್ಲೂ ಉಳಿದಿಲ್ಲ. ಅವುಗಳಲ್ಲಿ ಒಂದು ನಮ್ಮ ಮಾಮನದ್ದು.

ಘಟ್ಟ ಹತ್ತಿ ಹೋಗಿ ಹೋಟೆಲು ಇಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಬೆಂಗಳೂರು. ಗಲ್ಫಿನ ಬಾಗಿಲು ತೆರೆಯುವ ಮೊದಲು ನಮ್ಮ ಅನೇಕ ಮನೆಗಳ ಒಲೆ ಉರಿದದ್ದು ಘಟ್ಟದ ಮೇಲಿನ ಹೋಟೆಲಿನ ದುಡ್ಡಿನಲ್ಲಿ. ಆದರೆ ಕೆಜಿಎಫ್‌ವರೆಗೆ ಹೋದವರು ಕಡಿಮೆ. ಮಾಮ ಹೋದದ್ದು ಎಪ್ಪತ್ತರ ದಶಕದಲ್ಲಿ, ಊರಿನ ಒಬ್ಬರ ಜೊತೆ ಅರ್ಧ ಅರ್ಧ ಪಾಲಿನಲ್ಲಿ. ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಕಟ್ಟಡ, ಆರು ಮೇಜು, ಒಂದು ಸಮೋವರ್. ಬೋರ್ಡು ಇರಲಿಲ್ಲ. ‘ಮಂಗಳೂರು ಪಾಯ್ ಕಡೈ’ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿಯ ತಮಿಳಿನವರ ಬಾಯಲ್ಲಿ ಭಾಯ್ ‘ಪಾಯ್’ ಆಗುತ್ತದೆ.

ಆ ಊರು ಸಾಮಾನ್ಯ ಊರಲ್ಲ. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಗಣಿ ಶುರು ಮಾಡಿದರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಆಗ ಬಂಗಾರಪೇಟೆಗೆ ಬೌರಿಂಗ್ ಎಂಬ ಬ್ರಿಟಿಷ್ ಕಮಿಷನರನ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನ್ನುತ್ತಿದ್ದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷದ ನಂತರ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಒಂದು ಕಾಲದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಜಾಗ. ಸಿನಿಮಾ ಬಂದ ಮೇಲೆ ಕೆಜಿಎಫ್ ಎಂದರೆ ಮಕ್ಕಳಿಗೆ ಬಂದೂಕು, ಧೂಳು ಅಷ್ಟೇ ನೆನಪಾಗುತ್ತದೆ. ಆ ಊರಿನ ಟೀ ಅಂಗಡಿಯಲ್ಲಿ ಕೂತವರಿಗೆ ಆ ಸಿನಿಮಾ ನೋಡಿ ನಗು ಬಂದೀತು.

1997ರಿಂದ ಎರಡು ವರ್ಷ ನಾವು ಅಲ್ಲೇ ಇದ್ದು ಪಿಯುಸಿ ಓದಿದವರು. ಬೆಳಿಗ್ಗೆ ಸುಬ್‌ಹಿ ಆದ ಮೇಲೆ ಅಂಗಡಿಯಲ್ಲಿ ಗ್ಲಾಸು ತೊಳೆಯುವುದು, ಆಮೇಲೆ ಕಾಲೇಜು, ಸಂಜೆ ಪುನಃ ಅಂಗಡಿ. ಹಾಗಾಗಿ ಆ ಆರು ಮೇಜಿಗೆ ಯಾರು ಯಾವ ಹೊತ್ತಿಗೆ ಬರುತ್ತಿದ್ದರು ಎಂಬುದು ಈಗಲೂ ಕಣ್ಣಿಗೆ ಕಟ್ಟಿದಂತೆ ಉಂಟು.

ಪಾಳಿ ಬಿಡುವ ಸೈರನ್ ಆದರೆ ಮಾಮ ಗಡಿಯಾರ ನೋಡುವುದಿಲ್ಲ, ಪರೋಟದ ಕಲ್ಲಿಗೆ ಎಣ್ಣೆ ಹಾಕುತ್ತಿದ್ದರು. ಕೆಳಗೆ ಬೆಂಕಿಯಂಥ ಸೆಕೆಯಲ್ಲಿ ದುಡಿದು ಬಂದವರಿಗೆ ಮೊದಲು ಬೇಕಾದದ್ದು ತಿಂಡಿಯಲ್ಲ, ಎರಡು ಲೋಟ ನೀರು. ಆಮೇಲೆ ಪರೋಟ ಸಾಲ್ನಾ, ಖುಷ್ಕಾ ಶೇರ್ವಾ, ಶುಕ್ರವಾರ ಪಾಯಾ. ಮಾಮ ಊರ ನೆನಪಿಗೆ ಗೋಳಿಬಜೆ ಮಾಡಿ ನೋಡಿದರಂತೆ. ‘ಇದೇನು ಪಾಯ್, ಬೋಂಡಾಕ್ಕೆ ಒಳಗೆ ಏನೂ ಹಾಕಲು ಮರೆತಿರಾ?’ ಎಂದು ಗಿರಾಕಿಗಳು ಕೇಳಿದ ಮೇಲೆ ಅದನ್ನು ಬಿಟ್ಟರು.

ಪಾಳಿಯವರು ಹೋದ ಮೇಲೆ ಕಾಲೇಜಿನವರು ಬರುತ್ತಿದ್ದರು. ಊರಿಗಾಂನ ಸ್ಕೂಲ್ ಆಫ್ ಮೈನ್ಸ್‌ನವರು, ಗೋಲ್ಡನ್ ವ್ಯಾಲಿ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನವರು, ನಮ್ಮಂಥ ಪಿಯುಸಿ ಹುಡುಗರು. ಒಂದು ಟೀಯನ್ನು ಬೈ ಟೂ ಮಾಡಿ ಎರಡು ಗಂಟೆ ಕೂರುವ ಜಾತಿ ನಮ್ಮದು. ಮಾಮನಿಗೆ ಇದರಿಂದ ಲಾಭ ಏನೂ ಇರಲಿಲ್ಲ. ಓಡಿಸುತ್ತಲೂ ಇರಲಿಲ್ಲ. ಮೇಜಿನ ಮೇಲೆ ಮೂರು ಪೇಪರ್: ತಮಿಳಿನ ದಿನತಂತಿ, ಉರ್ದುವಿನ ಸಾಲಾರ್, ಕನ್ನಡದ ಪ್ರಜಾವಾಣಿ. ಒಂದು ಸುದ್ದಿಯನ್ನು ಮೂರು ಭಾಷೆಯಲ್ಲಿ ಓದಿ ಜಗಳ ಮಾಡುವುದು. ಅದರ ನಡುವೆ ಮೂಲೆಯ ಬೆಂಚಿನಲ್ಲಿ ನಿವೃತ್ತರಾದ ಗಣಿ ಕಾರ್ಮಿಕರು. ಅವರ ಎದೆಯಲ್ಲಿ ಕಲ್ಲಿನ ಧೂಳು ಕೂತು ಮಾತಿಗಿಂತ ಕೆಮ್ಮು ಜಾಸ್ತಿ. ಅವರು ಕೆಮ್ಮುವಾಗ ನಾವು ಸುಮ್ಮನಾಗುತ್ತಿದ್ದೆವು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗಾಡುತ್ತದೆ, ಆಗ ಹೆಂಗಸರು ಶಾಫ್ಟಿನ ಕಡೆ ಓಡುತ್ತಾರೆ ಎಂದು ನಮಗೆ ತಿಳಿದದ್ದು ಆ ಬೆಂಚಿನಿಂದ. ಯಾವ ಕಾಲೇಜಿನಲ್ಲೂ ಅದನ್ನು ಹೇಳಿಕೊಟ್ಟಿರಲಿಲ್ಲ.

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಗ ಉಳಿದಿದ್ದವರು ಮೂರು ಸಾವಿರಕ್ಕೂ ಮಿಕ್ಕಿ ಕಾರ್ಮಿಕರು. ಪರಿಹಾರದ ವಿಷಯ ಕೋರ್ಟು, ಕಚೇರಿ ಎಂದು ವರ್ಷಗಟ್ಟಲೆ ಎಳೆಯಿತು. ಬೆಮೆಲ್ ಕಾರ್ಖಾನೆ ಇದ್ದುದರಿಂದ ಊರು ಪೂರಾ ಮುಳುಗಲಿಲ್ಲ ಎನ್ನುತ್ತಾರೆ, ಅದೂ ಸರಿಯೇ. ಆದರೆ ಗಣಿಯವರ ದುಡ್ಡಿನಿಂದ ನಡೆಯುತ್ತಿದ್ದ ಸಣ್ಣ ಅಂಗಡಿಗಳಿಗೆ ಅದರಿಂದ ಏನೂ ಆಗಲಿಲ್ಲ.

ಹಳೆಯ ಹೋಟೆಲುಗಳು ಮುಚ್ಚಿದವು ಎಂದರೆ ಜನ ಕೂಡಲೇ ಕಾರಣ ಹೇಳುತ್ತಾರೆ: ಮೊಬೈಲ್ ಬಂತು, ನಿಂತು ತಿನ್ನುವ ದರ್ಶಿನಿ ಬಂತು, ಈಗ ಮನೆಗೇ ಪಾರ್ಸೆಲ್ ಬರುತ್ತದೆ. ಬೆಂಗಳೂರಿಗೆ ಆ ಮಾತು ಸರಿ ಇರಬಹುದು. ಕೆಜಿಎಫ್‌ಗೆ ಅಲ್ಲ. ಅಲ್ಲಿ ಮೊದಲು ಹೋದದ್ದು ಸಂಬಳ, ಅದರ ಹಿಂದೆ ಹೋದದ್ದು ಹೊತ್ತು. ಸೈರನ್ ನಿಂತ ಮೇಲೆ ಮನೆಯ ಗಂಡಸರು ಕತ್ತಲೆಗೇ ಎದ್ದು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ರಾತ್ರಿ ವಾಪಸ್ ಬಂದರೆ ಮಲಗುವುದೊಂದೇ ಕೆಲಸ. ಇಂದಿಗೂ ಸಾವಿರಾರು ಜನ ಹೀಗೇ ಹೋಗಿ ಬರುತ್ತಾರೆ. ಈಗ ರೈಲಿನ ಬೋಗಿಯೇ ಅವರ ಟೀ ಅಂಗಡಿ: ಅಲ್ಲೇ ಇಸ್ಪೀಟು, ಅಲ್ಲೇ ಚುನಾವಣೆಯ ಮಾತು, ಅಲ್ಲೇ ಹುಡುಗಿಗೆ ಸಂಬಂಧ ನೋಡುವುದು. ಊರಿನಲ್ಲಿ ಒಂದು ಗಂಟೆ ಸುಮ್ಮನೆ ಕೂರುವ ಮನುಷ್ಯ ಇಲ್ಲದಿದ್ದರೆ ಆರು ಮೇಜಿನ ಹೋಟೆಲಿಗೆ ಯಾರು ಬರಬೇಕು?

ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಹಳೆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದಾಗ ಎಷ್ಟು ಲೇಖನ ಬಂತು ನೋಡಿ. ಅಲ್ಲಿ ಕೂತವರಿಗೆ ಬರೆಯಲು ಬರುತ್ತಿತ್ತು. ನಮ್ಮ ಮಾಮನ ಅಂಗಡಿಯಲ್ಲಿ ಕೂತವರ ಹೆಸರು ಇರುವುದು ಒಂದೇ ಕಡೆ, ಉದ್ರಿ ಪುಸ್ತಕದಲ್ಲಿ.

ಅದು ಉದ್ದದ, ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ತಿಂಗಳಿಡೀ ಸಾಲದಲ್ಲಿ ತಿನ್ನುವುದು, ಸಂಬಳದ ದಿನ ಕೊಡುವುದು. ಮಾಮನಿಗೆ ಶಾಲೆಯ ವಿದ್ಯೆ ಇಲ್ಲ. ಮದ್ರಸದಲ್ಲಿ ಕಲಿತ ಅರಬಿ ಮಲಯಾಳಂ ಲಿಪಿ ಒಂದೇ ಬರುವುದು. ಹಾಗಾಗಿ ತಮಿಳರ, ತೆಲುಗರ ಹೆಸರುಗಳೆಲ್ಲ ಬಲದಿಂದ ಎಡಕ್ಕೆ ಆ ಲಿಪಿಯಲ್ಲಿ. ಒಂದೇ ಹೆಸರಿನವರು ನಾಲ್ಕೈದು ಮಂದಿ ಇದ್ದರೆ ಪಕ್ಕದಲ್ಲಿ ಅವರ ಶಾಫ್ಟಿನ ಹೆಸರು, ಇಲ್ಲವೆ ಅವರ ಮನೆ ಇರುವ ಲೈನಿನ ಹೆಸರು. ಆ ಊರಲ್ಲಿ ಆ ಪುಸ್ತಕ ಓದಲು ಬರುತ್ತಿದ್ದವರು ಮಾಮ, ಅವರ ಪಾಲುದಾರ, ಆಮೇಲೆ ನಾವು. ಸಾಲ ಮಾಡಿದವನಿಗೆ ತನ್ನ ಹೆಸರು ಯಾವುದು, ಎಷ್ಟು ಬರೆದಿದೆ ಎಂದೇ ತಿಳಿಯದು. ಆದರೂ ಮಾಮ ಹೇಳಿದ ಲೆಕ್ಕಕ್ಕೆ ಯಾರೂ ಎದುರು ಮಾತಾಡಿದ್ದು ನಾವು ನೋಡಿಲ್ಲ.

ಮದ್ರಸದಲ್ಲಿ ದೊಡ್ಡ ಮಕ್ಕಳಿಗೆ ಈಗಲೂ ಈ ಪುಸ್ತಕದ ಕಥೆ ಹೇಳುತ್ತೇವೆ. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಎಂದು ಕೇಳಿದರೆ ಮಕ್ಕಳು ನಮಾಝ್, ನೋಂಬು, ಹಜ್ಜ್ ಎಂದೆಲ್ಲ ಹೇಳುತ್ತಾರೆ. ಅದು ಸಾಲ ಬರೆದಿಡುವ ಬಗ್ಗೆ: ಸೂರಾ ಅಲ್‌ಬಖರದ 282ನೇ ಆಯತ್. ಬರೆಯುವವನು ನ್ಯಾಯವಾಗಿ ಬರೆಯಬೇಕೆಂಬ ಆಜ್ಞೆ ಅದರಲ್ಲಿದೆ. ಅದಕ್ಕಿಂತ ಸ್ವಲ್ಪ ಹಿಂದೆ 280ರಲ್ಲಿ, ಕಷ್ಟದಲ್ಲಿ ಬಿದ್ದ ಸಾಲಗಾರನಿಗೆ ಸಮಯ ಕೊಡುವ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆನ್ನುವ ವಿಷಯ ಬರುತ್ತದೆ. ಮಾಮನ ಅಂಗಡಿಯಲ್ಲಿ ಈ ಎರಡೂ ಒಟ್ಟಿಗೆ ಎದುರು ಬಂದು ನಿಂತವು.

ಗಣಿ ಮುಚ್ಚಿದಾಗ ಪುಸ್ತಕದಲ್ಲಿ ಬಾಕಿ ಇದ್ದದ್ದು 38 ಸಾವಿರ ಚಿಲ್ಲರೆ. ಆ ಕಾಲಕ್ಕೆ, ಆ ಅಂಗಡಿಗೆ ಅದು ಸಣ್ಣ ಮೊತ್ತ ಅಲ್ಲ. ಮಾಮ ಎರಡು ವರ್ಷ ಎಳೆದಾಡಿಕೊಂಡು ನಡೆಸಿದರು. ಅಷ್ಟರಲ್ಲಿ ಪಾಲುದಾರ ತೀರಿಹೋದರು. ಊರಿನಲ್ಲಿ ಅವರ ಹೆಂಡತಿ, ಪ್ರಾಯಕ್ಕೆ ಬಾರದ ಮೂರು ಮಕ್ಕಳು. 2003ರ ಕೊನೆಗೆ ಅಂಗಡಿ ಖಾಲಿ ಮಾಡುವಾಗ ಮಾಮ ಹೇಳಿದ್ದು ಇಷ್ಟೇ: ‘ಅವರ ಹೊಟ್ಟೆಗೆ ಹೋದದ್ದು ಹೋಯ್ತು ಮೋನೇ. ಕೆಲಸ ಇಲ್ಲದವನ ಮನೆ ಬಾಗಿಲಿಗೆ ಹೋಗಿ ಟೀ ದುಡ್ಡು ಕೇಳುವುದಾ? ಎಲ್ಲ ಬಿಟ್ಟೆ.’

ನಾವು ಆಗ ದರ್ಸ್‌ನಲ್ಲಿ ಓದುತ್ತಿದ್ದೆವು. ಉಸ್ತಾದರಲ್ಲಿ ಕೇಳಿದೆವು. ಉಸ್ತಾದರು ಹೇಳಿದರು, ‘ನಿನ್ನ ಮಾಮ ಬಿಡಬಹುದಾದದ್ದು ಅವರ ಅರ್ಧ ಮಾತ್ರ. ಉಳಿದ ಅರ್ಧ ವಾರಸುದಾರರದ್ದು. ಆ ಹೆಂಗಸು ಬೇಕಾದರೆ ತನ್ನ ಪಾಲು ಬಿಡಲಿ. ಯತೀಮ್ ಮಕ್ಕಳ ಪಾಲನ್ನು ತಾಯಿಯೂ ಬಿಡುವ ಹಾಗಿಲ್ಲ, ಮಾಮನೂ ಬಿಡುವ ಹಾಗಿಲ್ಲ.’

ನಮ್ಮ ಮನೆಗಳಲ್ಲಿ ಇದು ತುಂಬ ಸಲ ತಪ್ಪಿ ಹೋಗುವ ವಿಷಯ, ಅದಕ್ಕೆ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಮನೆಯ ಯಜಮಾನ ತೀರಿಹೋದರೆ ಅವನಿಗೆ ಬರಬೇಕಾದ ಸಾಲವೂ ಆಸ್ತಿಯೇ. ಖರ್ಚು, ಅವನ ಸಾಲ, ವಸಿಯ್ಯತ್ ಕಳೆದು ಉಳಿದದ್ದು ವಾರಸುದಾರರದ್ದು. ದೊಡ್ಡವರು ದೊಡ್ಡ ಮನಸ್ಸು ಮಾಡಿ ‘ಹೋಗಲಿ ಬಿಡಿ’ ಎಂದು ಸಭೆಯಲ್ಲಿ ಹೇಳುವಾಗ ಅದರಲ್ಲಿ ಸಣ್ಣ ಮಕ್ಕಳ ದುಡ್ಡು ಸೇರಿದೆಯಾ ಎಂದು ನೋಡಬೇಕು.

ಮಾಮ ಎರಡು ದಿನ ಮಾತಾಡಲಿಲ್ಲ. ಆಮೇಲೆ ಅರ್ಧದ ಲೆಕ್ಕ ಹಾಕಿಸಿದರು: 19 ಸಾವಿರ ಚಿಲ್ಲರೆ. ಅಷ್ಟನ್ನೂ ತಾನೇ ಕೊಡುತ್ತೇನೆ, ಗಿರಾಕಿಗಳಲ್ಲಿ ಕೇಳುವುದಿಲ್ಲ ಎಂದರು. ಹಾಗೆ ಕೊಡಬೇಕೆಂದು ಅವರ ಮೇಲೆ ಕಡ್ಡಾಯ ಇರಲಿಲ್ಲ, ಉಸ್ತಾದರು ಅದನ್ನೂ ಹೇಳಿದ್ದರು. ಊರಿಗೆ ಬಂದು ಬಿ.ಸಿ. ರೋಡಿನಲ್ಲಿ ಬೇರೆಯವರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತು ತಿಂಗಳಿಗೆ ಐನೂರು, ಆಗದ ತಿಂಗಳು ಇನ್ನೂರು ಎಂದು ನಾಲ್ಕು ವರ್ಷದಲ್ಲಿ ಮುಗಿಸಿದರು. ಮಾಮಿಗೆ ಇದರಲ್ಲಿ ಬೇಜಾರು ಇತ್ತು. ತನ್ನ ಮಗಳ ಮದುವೆ ಎದುರಿಗಿರುವಾಗ ಯಾರೋ ತಿಂದ ಪರೋಟಕ್ಕೆ ನಾವು ದುಡ್ಡು ಕಟ್ಟುವುದಾ ಎಂದು ಕೇಳಿದ್ದರು. ಕೇಳಿದ್ದು ಸರಿಯೇ. ಆ ಮದುವೆಗೆ ಬೇಕಾದ ಬಂಗಾರವನ್ನು ಮಾಮ ಸಾಲ ಮಾಡಿ ತಂದರು, ಬಂಗಾರದ ಊರಿನಲ್ಲಿ ಮೂವತ್ತು ವರ್ಷ ಇದ್ದು ಬಂದವರು.

ಇವತ್ತು ದೇರಳಕಟ್ಟೆ, ಕೊಣಾಜೆ, ಸುರತ್ಕಲ್ ಕಡೆ ಕಾಲೇಜಿನ ಎದುರು ಹೋಟೆಲು, ಜ್ಯೂಸ್ ಅಂಗಡಿ ಇಟ್ಟ ನಮ್ಮ ಹುಡುಗರು ತುಂಬ ಮಂದಿ. ಉದ್ರಿ ಪುಸ್ತಕ ಹೋಗಿ ಮೊಬೈಲಿನಲ್ಲಿ ಸ್ಕ್ಯಾನ್ ಬಂದಿದೆ. 2020ರಲ್ಲಿ ಕೊರೊನಾಕ್ಕೆ ಹಾಸ್ಟೆಲುಗಳು ಖಾಲಿಯಾದಾಗ ಅವರಲ್ಲಿ ಕೆಲವರು ಬಾಗಿಲು ಹಾಕಿದರು, ಪಾಲುಗಾರಿಕೆ ಮುರಿಯಿತು, ಜಮಾಅತಿಗೆ ದೂರು ಬಂತು. ಹೆಚ್ಚಿನ ಕಡೆ ಪಾಲು ಎಷ್ಟೆಂದು ಒಂದು ಚೀಟಿಯಲ್ಲೂ ಬರೆದಿರಲಿಲ್ಲ. ಶಾಲೆಗೆ ಹೋಗದ ಮಾಮ ಮೂವತ್ತು ವರ್ಷ ಬರೆದಿಟ್ಟಿದ್ದರು, ಬಿಕಾಂ ಮಾಡಿದ ಹುಡುಗರು ಬರೆದಿರಲಿಲ್ಲ.

ಮಾಮ 2012ರಲ್ಲಿ ತೀರಿಹೋದರು. ಪುಸ್ತಕ ಮಾಮಿಯ ಕಪಾಟಿನಲ್ಲಿ ಉಂಟು.

ಅವರು ಹೋದ ಮೂರ್ನಾಲ್ಕು ವರ್ಷದ ಮೇಲೆ ಬೆಂಗಳೂರಿನಿಂದ ಒಬ್ಬ ಯುವಕ ಬಂದ. ಅವನ ತಂದೆ ಗಣಿಯಲ್ಲಿದ್ದವರು, ತೀರಿಹೋಗಿದ್ದರು. ಕೊನೆಗಾಲದಲ್ಲಿ ‘ಮಂಗಳೂರು ಪಾಯ್‌ಗೆ ಟೀ ಬಾಕಿ ಇದೆ’ ಎಂದು ಹೇಳಿದ್ದರಂತೆ. ರಾಬರ್ಟ್‌ಸನ್‌ಪೇಟೆಗೆ ಹೋಗಿ ಹುಡುಕಿದರೆ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ. ಮಸೀದಿಯಲ್ಲಿ ವಿಚಾರಿಸಿ, ಯಾರದ್ದೋ ಕೈಯಿಂದ ಯಾರದ್ದೋ ನಂಬರ್ ಹಿಡಿದು ನಮ್ಮವರೆಗೆ ಬಂದಿದ್ದ. ಮಾಮಿ ಪುಸ್ತಕ ತಂದು ಕೊಟ್ಟರು. ಹೆಸರು, ಪಕ್ಕದಲ್ಲಿ ಚಾಂಪಿಯನ್ ರೀಫ್ಸಿನ ಲೈನು, 640 ರೂಪಾಯಿ. ಆ ಸಾಲವನ್ನು ಮಾಮ ಎಂದೋ ಬಿಟ್ಟುಕೊಟ್ಟಾಗಿದೆ, ನೀವು ಕೊಡಬೇಕಾದದ್ದು ಏನೂ ಇಲ್ಲ ಎಂದು ಹೇಳಿದೆವು. ‘ಅಪ್ಪನಿಗೆ ಅದು ಗೊತ್ತಿರಲಿಲ್ಲ’ ಎಂದ. ಸಾವಿರ ರೂಪಾಯಿ ಮೇಜಿನ ಮೇಲೆ ಇಟ್ಟ. ಮಾಮಿ ಒಳಗೆ ಹೋಗಿ 360 ಚಿಲ್ಲರೆ ತಂದು ಅವನ ಕೈಗೆ ಕೊಟ್ಟು, ಊಟ ಮಾಡದೆ ಹೋಗಬಾರದು ಎಂದರು.

ಊಟ ಆದ ಮೇಲೆ ಅವನು ಆ ಪುಟವನ್ನು ಮತ್ತೆ ತೆರೆಯಲು ಹೇಳಿದ. ಅಪ್ಪನ ಹೆಸರು ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿಟ್ಟು ತೋರಿಸಿದೆವು. ತನಗೆ ಓದಲು ಬಾರದ ಆ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದ.